ಆನ್‌ಲೈನ್ ಪಾಠದ ಡೇಟಾ ಖರ್ಚನ್ನು ಲೆಕ್ಕ ಹಾಕುವ ಬಗೆ

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ‘ಸ್ವಯಂ’ನಲ್ಲಿ ಅಥವಾ ಯೂಟ್ಯೂಬಿನಲ್ಲಿ ಪಾಠ ಕೇಳುವವರು ಬಿಟ್‌ರೇಟ್ ಎಂದರೇನೆಂದು ತಿಳಿದಿದ್ದರೆ ಡೇಟಾ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು. ಒಂದು ಸೆಕೆಂಡಿನ ವಿಡಿಯೊಗೆ ಬೇಕಾಗುವ ಬಿಟ್‌ಗಳ, ಅಂದರೆ ಡೇಟಾದ ಅತಿ ಚಿಕ್ಕ ಘಟಕಗಳ, ಪ್ರಮಾಣವೇ ಬಿಟ್‌ರೇಟ್. ಇಂಟರ್ನೆಟ್ ವೇಗವನ್ನು ಮೆಗಾಬಿಟ್‌ಗಳಲ್ಲಿಯೂ ಫೈಲಿನ ಗಾತ್ರವನ್ನು ಮೆಗಾಬೈಟ್‌ಗಳಲ್ಲಿಯೂ ಹೇಳುವುದರಿಂದ, ಮತ್ತು 8 ಬಿಟ್ ಸೇರಿ 1 ಬೈಟ್ ಆಗುವುದರಿಂದ, ಸೆಕೆಂಡಿಗೆ 1 ಮೆಗಾಬಿಟ್ ಬೇಡುವ ಒಂದು ಗಂಟೆಯ, ಅಂದರೆ 3600 ಸೆಕೆಂಡಿನ, ಪಾಠಕ್ಕೆ 3600 ಅನ್ನು 8ರಿಂದ ಭಾಗಿಸಿ 450 ಮೆಗಾಬೈಟ್ ಎಂದು ಲೆಕ್ಕ ಹಾಕಬೇಕು. ವಿಡಿಯೊ ನಡುನಡುವೆ ನಿಂತು ಚಕ್ರ ತಿರುಗತೊಡಗಿದರೆ, ಅಂದರೆ ಬಫರಿಂಗ್ ಆಗುತ್ತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ ಅನ್ನು (ಚಿತ್ರದ ಸ್ಪಷ್ಟತೆಯ ಮಟ್ಟವನ್ನು) 720ರಿಂದ 360ಕ್ಕೆ ಇಳಿಸಿರಿ. ಉಪನ್ಯಾಸಕರ ಮುಖ ಮಸುಕಾದರೆ ನಷ್ಟವೇನಿಲ್ಲ, ಆದರೆ ಬೋರ್ಡಿನ ಸಣ್ಣ ಅಕ್ಷರ ಓದಲಾಗದಿದ್ದರೆ 480 ಆಯ್ದುಕೊಳ್ಳಿರಿ. ಒಂದೇ ಪಾಠವನ್ನು ಮತ್ತೆ ಮತ್ತೆ ನೋಡುವವರು ಪ್ರತಿಸಲ ಸ್ಟ್ರೀಮ್ ಮಾಡುವ ಬದಲು, ಸೌಲಭ್ಯವಿದ್ದಲ್ಲಿ, ವೈಫೈ ಸಿಕ್ಕಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಲೇಸು.