ಬೀದಿ ದೀಪದ ಕೆಳಗೆ ಅವರೆ ಹೂ ಬಿಡಲಿಲ್ಲ

ಮೈಸೂರಿನಲ್ಲಿ ನಮ್ಮದು ಮೂವತ್ತು-ನಲವತ್ತರ ನಿವೇಶನ. ಮನೆ ಕಟ್ಟಿದ ಮೇಲೆ ಉಳಿದದ್ದು ಬೀದಿಯ ಕಡೆ ಕಾಂಪೌಂಡಿಗೆ ಅಂಟಿಕೊಂಡ ನಾಲ್ಕು ಅಡಿಯ ಪಟ್ಟಿ, ಹಿಂದೆ ಎಂಟು ಅಡಿಯ ಹಿತ್ತಲು. ಕಳೆದ ಮುಂಗಾರಿನಿಂದ ಸಂಕ್ರಾಂತಿಯವರೆಗೆ ಈ ಎರಡು ತುಂಡು ನೆಲದಲ್ಲಿ ಬೆಂಡೆ, ಹೀರೆ, ಟೊಮೇಟೊ, ಅವರೆ, ಚೆಂಡು ಹೂ, ಸೇವಂತಿಗೆ ಬೆಳೆದೆ. ಗೊಬ್ಬರ, ನೀರು, ಹುಳುಗಳ ಬಗ್ಗೆ ಹೇಳಿಕೊಡುವವರು ಬಹಳ ಮಂದಿ ಸಿಕ್ಕರು. ರಾತ್ರಿಯ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಎರಡು ಹದ ಮಳೆಯಾದ ಮೇಲೆ ನೆಲ ಅಗೆದೆವು. ಒಂದೂವರೆ ಅಡಿಯ ಆಳದವರೆಗೂ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು. ಅದನ್ನೆಲ್ಲ ಆರಿಸಿ ತೆಗೆಯಲು ನನಗೂ ಯಜಮಾನರಿಗೂ ನಾಲ್ಕು ಭಾನುವಾರ ಹಿಡಿಯಿತು. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಬೀಜ ಊರುವ ಪ್ರತಿ ಗುಂಡಿಗೂ ಒಂದು ಹಿಡಿ ಬೇವಿನ ಹಿಂಡಿ ಹಾಕಿದೆ.

ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಆರಿಸಿಕೊಂಡೆ. ಬೀಜವನ್ನು ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಊರಿದೆ. ಎಲೆಯ ನರ ಹಳದಿಯಾಗುವ ನಂಜು ರೋಗವನ್ನು ತಡೆದುಕೊಳ್ಳಲೆಂದೇ ರೂಪಿಸಿದ ತಳಿ ಅದು. ಆದರೂ ಆಗಸ್ಟಿನಲ್ಲಿ ಎರಡು ಗಿಡಗಳಿಗೆ ರೋಗ ಬಂತು. ಅದನ್ನು ಹರಡುವುದು ಬಿಳಿನೊಣ. ಅಂದೇ ಆ ಎರಡನ್ನೂ ಬೇರುಸಹಿತ ಕಿತ್ತೆ, ಉಳಿದ ಹನ್ನೊಂದು ಗಿಡ ಉಳಿದವು. ಕಾಯಿ ಬಿಟ್ಟ ಗಿಡವನ್ನು ಕೀಳುವಾಗ ಸಂಕಟವಾಗುತ್ತದೆ, ಆದರೆ ನಂಜು ಹತ್ತಿದ ಗಿಡ ಸುಧಾರಿಸುವುದಿಲ್ಲ. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ಮೂರು ದಿನ ಊರಿಗೆ ಹೋಗಿ ಬಂದರೆ ಕಾಯಿ ನಾರಾಗಿರುತ್ತದೆ.

ಹೀರೆಯದು ಬೇರೆ ಕಥೆ. ಬಳ್ಳಿ ತುಂಬ ಹೂ, ಹೆಣ್ಣು ಹೂವಿನ ಬುಡದಲ್ಲಿ ಬೆರಳುದ್ದದ ಪೀಚು, ನಾಲ್ಕು ದಿನಕ್ಕೆ ಅದು ಹಳದಿಯಾಗಿ ಉದುರುವುದು. ಪರಾಗಸ್ಪರ್ಶ ಆಗುತ್ತಿಲ್ಲವೆಂದು ತಿಳಿದಿತ್ತು. ಕೈಯಿಂದ ಮಾಡೋಣವೆಂದು ಬೆಳಿಗ್ಗೆ ಹೋದರೆ ಹೂಗಳೆಲ್ಲ ಬಾಡಿರುತ್ತಿದ್ದವು. ಕುಂಬಳದ ಹೂ ಬೆಳಿಗ್ಗೆ ಅರಳುವುದನ್ನು ನೋಡಿದ್ದ ನಾನು ಹೀರೆಯೂ ಹಾಗೆಯೇ ಎಂದುಕೊಂಡಿದ್ದೆ. ಹೀರೆ ಅರಳುವುದು ಸಂಜೆ. ಐದೂವರೆ, ಆರರ ಹೊತ್ತಿಗೆ ಆಗತಾನೆ ಬಿರಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಸರಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರತೊಡಗಿದೆ. ಅಂದಿನಿಂದ ಪೀಚು ಉದುರುವುದು ನಿಂತಿತು. ಕಚೇರಿಯಿಂದ ಬಂದವಳು ಕಾಫಿ ಕುಡಿದು ನೇರವಾಗಿ ಗಿಡಗಳ ಬಳಿ ಹೋಗುವ ಅಭ್ಯಾಸ ಬೆಳೆದದ್ದು ಹೀರೆಯಿಂದ. ಬೆಳಿಗ್ಗೆ ನೋಡುವ ತೋಟಕ್ಕೂ ಸಂಜೆ ನೋಡುವ ತೋಟಕ್ಕೂ ಬಹಳ ವ್ಯತ್ಯಾಸವಿದೆ.

ಈಗ ಅವರೆಯ ವಿಷಯ. ಅಮ್ಮ ನಾಗಮಂಗಲದ ಕಡೆಯ ಊರಿನಿಂದ ಬೀಜ ಕೊಟ್ಟು ಕಳುಹಿಸಿದ್ದರು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಬಿತ್ತುವ ಹಳೆಯ ನಾಟಿ ಅವರೆ, ಸೊಗಡು ಘಮ್ಮೆನ್ನುವಂಥದ್ದು. ಜುಲೈ ಕೊನೆಯಲ್ಲಿ ಐದು ಗುಂಡಿ ಮಾಡಿ ಒಂದೇ ದಿನ ಊರಿದೆ: ಮೂರು ಬೀದಿಯ ಕಾಂಪೌಂಡಿನ ಬುಡದಲ್ಲಿ, ಎರಡು ಹಿತ್ತಲಿನಲ್ಲಿ. ಅದೇ ಮಣ್ಣು, ಅದೇ ಗೊಬ್ಬರ. ಗೌರಿ ಹಬ್ಬದ ಹೊತ್ತಿಗೆ ಐದೂ ಬಳ್ಳಿಗಳು ಆಳೆತ್ತರ ಹಬ್ಬಿದ್ದವು. ಬೀದಿಯ ಕಡೆಯ ಮೂರಂತೂ ಕಣ್ಣಿಗೆ ಹಬ್ಬ, ಅಂಗೈಯಗಲದ ಕಡು ಹಸಿರು ಎಲೆ.

ಆಯುಧಪೂಜೆಗೆ ಮನೆಯ ಚೆಂಡು ಹೂವೇ ಸಾಕಷ್ಟಾಯಿತು, ಸ್ಕೂಟರಿಗೂ ಕತ್ತಿ-ಕುಡುಗೋಲಿಗೂ. ಅಕ್ಟೋಬರ್ ಕೊನೆಗೆ ಹಿತ್ತಲಿನ ಎರಡು ಅವರೆ ಬಳ್ಳಿಗಳಲ್ಲಿ ಹೂಗೊನೆ ಕಂಡವು. ಬೀದಿ ಕಡೆಯ ಮೂರರಲ್ಲಿ ಒಂದು ಮೊಗ್ಗೂ ಇಲ್ಲ. ಅಮ್ಮನಿಗೆ ಫೋನ್ ಮಾಡಿದೆ. “ಬಳ್ಳಿಗೆ ಸೊಕ್ಕು ಬಂದಿದೆ ಕಣಮ್ಮ, ಗೊಬ್ಬರ ಜಾಸ್ತಿಯಾಗಿದೆ. ನೀರು ಕಡಿಮೆ ಮಾಡು, ಕುಡಿ ಚಿವುಟು” ಎಂದರು. ಊರಿನಲ್ಲಿ ಎಲ್ಲರೂ ಹೇಳುವ ಮಾತು ಅದು, ಬಹಳ ಸಲ ಸರಿಯಾದ ಮಾತು ಕೂಡ. ನೀರು ಕಡಿಮೆ ಮಾಡಿದೆ, ಕುಡಿ ಚಿವುಟಿದೆ. ಚಿವುಟಿದಲ್ಲೆಲ್ಲ ಎರಡೆರಡು ಹೊಸ ಕುಡಿ ಬಂದವೇ ಹೊರತು ಹೂ ಬರಲಿಲ್ಲ. ಐದಕ್ಕೂ ಒಂದೇ ಗೊಬ್ಬರ ಹಾಕಿರುವಾಗ ಮೂರಕ್ಕೆ ಮಾತ್ರ ಸೊಕ್ಕು ಬರುವುದು ಹೇಗೆ?

ಉತ್ತರ ಸಿಕ್ಕಿದ್ದು ಸೇವಂತಿಗೆಯಿಂದ. ಗೇಟಿನ ಬಳಿ ನಾಲ್ಕು ಕುಂಡಗಳಿದ್ದವು, ನಾಲ್ಕೂ ಒಂದೇ ತಾಯಿ ಗಿಡದ ಮರಿಗಳು. ಮೂರು ಬರೀ ಎಲೆ, ನಾಲ್ಕನೆಯದರ ತುಂಬ ಮೊಗ್ಗು. ನವೆಂಬರ್ ಮೊದಲ ವಾರ ಒಂದು ರಾತ್ರಿ ಗೇಟಿಗೆ ಬೀಗ ಹಾಕಲು ಹೋದಾಗ ಗಮನಿಸಿದೆ: ಗೇಟಿನ ಕಂಬದ ದಪ್ಪ ನೆರಳು ಸರಿಯಾಗಿ ಆ ನಾಲ್ಕನೆಯ ಕುಂಡದ ಮೇಲೆ ಬಿದ್ದಿತ್ತು. ಉಳಿದ ಮೂರೂ ಅವರೆಯ ಮೂರು ಬಳ್ಳಿಗಳೂ ಬೀದಿ ದೀಪದ ಬೆಳಕಿನಲ್ಲಿ ಹಗಲಿನಂತೆ ನಿಂತಿದ್ದವು. ಆಗಸ್ಟಿನಲ್ಲಿ ನಮ್ಮ ಬೀದಿಯ ಮಂಕು ದೀಪವನ್ನು ತೆಗೆದು ಬಿಳಿ ಬೆಳಕಿನ ಎಲ್‌ಇಡಿ ಹಾಕಿದ್ದರು. ಕತ್ತಲಾದ ಮೇಲೆ ಟ್ಯೂಷನ್ ಮುಗಿಸಿ ಮಕ್ಕಳು ನಡೆದು ಬರುವ ಬೀದಿ, ದೀಪ ಬೇಕೇ ಬೇಕು. ಗಿಡಗಳಿಗೆ ಅದು ಏನು ಮಾಡುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಆ ರಾತ್ರಿಯೇ ಕುಳಿತು ಓದಿದೆ. ಸೇವಂತಿಗೆ ಮತ್ತು ನಾಟಿ ಅವರೆ ಹಗಲು ಕುಗ್ಗಿದಾಗ ಹೂ ಬಿಡುವ ಸಸ್ಯಗಳು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ತಂಬಾಕಿನ ಒಂದು ತಳಿಯನ್ನಿಟ್ಟುಕೊಂಡು ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು ತೋರಿಸಿಕೊಟ್ಟರು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು ಆಮೇಲೆ ತಿಳಿದದ್ದು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕನ್ನು ಗುರುತಿಸಿ ಆ ಲೆಕ್ಕಕ್ಕೆ ನೆರವಾಗುತ್ತದೆ. ಮೈಸೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸಣ್ಣ ವ್ಯತ್ಯಾಸ ಹಿಡಿದು ನಮ್ಮ ಅವರೆ ಪ್ರತಿ ವರ್ಷ ಸಂಕ್ರಾಂತಿಗೆ ಸರಿಯಾಗಿ ಕಾಯಿ ಕೊಡುತ್ತಾ ಬಂದಿದೆ. ಇದನ್ನು ಓದಿ ನನಗೆ ಮೈ ಜುಮ್ಮೆಂದಿತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿದ್ದೆ. ಗಿಡ ಬೇಗ ಮೊಗ್ಗು ಕಟ್ಟದೆ ಎತ್ತರ ಬೆಳೆಯಲಿ ಎಂದು ರೈತರು ಬೇಕೆಂದೇ ಮಾಡುವ ಕೆಲಸವದು. ನಮ್ಮ ಗೇಟಿನ ಬಳಿ ಬೇಡದಿದ್ದರೂ ಅದೇ ಆಗಿತ್ತು.

ಮರುದಿನವೇ ಮೂರು ಕುಂಡಗಳನ್ನು ಹಿತ್ತಲಿಗೆ ಸಾಗಿಸಿದೆ. ಅಡುಗೆಮನೆಯ ದೀಪ ಬೀಳದ ಮೂಲೆಯೇ ಆಗಬೇಕೆಂದು ಎರಡು ಸಲ ಜಾಗ ಬದಲಿಸಿದೆ. ಅವರೆ ಬಳ್ಳಿಗಳನ್ನು ಕದಲಿಸುವಂತಿರಲಿಲ್ಲ. ಕಾಂಪೌಂಡಿನ ಮೇಲೆ ಎರಡು ಗಳ ನಿಲ್ಲಿಸಿ, ದೀಪಕ್ಕೂ ಬಳ್ಳಿಗೂ ನಡುವೆ ಹಳೆಯ ಜಮಖಾನವನ್ನು ಪರದೆಯಂತೆ ಇಳಿಬಿಟ್ಟೆ. ಸಂಜೆ ಆರಕ್ಕೆ ಇಳಿಸುವುದು, ಬೆಳಿಗ್ಗೆ ಏಳಕ್ಕೆ ಸುತ್ತಿ ಕಟ್ಟುವುದು. ಒಂದು ಸಂಜೆಯೂ ತಪ್ಪಿಸಲಿಲ್ಲ. ನಾನು ಮದುವೆಗೆಂದು ಹಾಸನಕ್ಕೆ ಹೋದ ದಿನ ಪಕ್ಕದ ಮನೆಯ ಅಜ್ಜಿ ಬಂದು ಇಳಿಸಿ ಹೋದರು. “ಮಗು ಮಲಗಿಸಿದ ಹಾಗಿದೆಯಲ್ಲೇ” ಎಂದು ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

ಡಿಸೆಂಬರ್ ಮೊದಲ ವಾರ ಮೂರು ಬಳ್ಳಿಗಳಲ್ಲೂ ಹೂಗೊನೆ ಇಣುಕಿತು. ಸೇವಂತಿಗೆಯಲ್ಲೂ ಅದೇ ಹೊತ್ತಿಗೆ ಬಟಾಣಿ ಗಾತ್ರದ ಮೊಗ್ಗು ಬಂತು. ಧನುರ್ಮಾಸ ಮುಗಿಯುವ ಮೊದಲೇ ಹಳದಿ ಹೂ ಅರಳಿ, ನಸುಕಿನ ಪೂಜೆಗೆ ಒಂದು ವಾರ ಮನೆಯದೇ ಹೂವಾಯಿತು. ಸಂಕ್ರಾಂತಿಯ ದಿನ ಬೀದಿ ಕಡೆಯ ಬಳ್ಳಿಗಳಿಂದ ಸಿಕ್ಕಿದ್ದು ಒಂದು ಬೊಗಸೆ ಎಳೆ ಕಾಯಿ. ಹಿತ್ತಲಿನ ಎರಡು ಬಳ್ಳಿಗಳು ಅಷ್ಟರಲ್ಲಿ ಮೂರು ಸಲ ಹಿತಕಿದ ಬೇಳೆ ಸಾರಿಗೆ ಆಗುವಷ್ಟು ಕೊಟ್ಟಿದ್ದವು.

ಈ ಸಲ ಬೀದಿಯ ಪಟ್ಟಿಯಲ್ಲಿ ನಾಟಿ ಅವರೆ ಹಾಕುವುದಿಲ್ಲ. ಅಲ್ಲಿಗೆ ಟೊಮೇಟೊ ಮತ್ತು ಬದನೆ, ಅವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಕೂಡ ಹಾಗೆಯೇ, ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುವಂತೆ ರೂಪಿಸಿದ ಗಿಡ್ಡ ತಳಿ. ಅದನ್ನೂ ಒಂದು ಸಾಲು ಬಿತ್ತಿ ನೋಡುತ್ತೇನೆ. ಸೊಗಡಿನಲ್ಲಿ ಅದು ನಾಟಿಗೆ ಸಮನಾಗುವುದಿಲ್ಲ ಎಂಬುದು ಅಮ್ಮನ ಖಚಿತ ಅಭಿಪ್ರಾಯ. ಕುಂಡಗಳಿಗೆ ಜಾಗ ಗೊತ್ತುಮಾಡುವ ಮೊದಲು ರಾತ್ರಿ ಒಂಬತ್ತಕ್ಕೆ ಪತ್ರಿಕೆ ಹಿಡಿದು ಅಲ್ಲಿ ನಿಲ್ಲುತ್ತೇನೆ. ತಲೆಬರಹ ಓದಲು ಬಂದರೆ ಆ ಜಾಗ ಸೇವಂತಿಗೆಗೆ ಅಲ್ಲ.

ಹಿತ್ತಲಿನ ಬಳ್ಳಿಯ ಬುಡದ ಕಾಯಿಗಳನ್ನು ಬೀಜಕ್ಕೆಂದು ಬಿಟ್ಟಿದ್ದೆ. ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ತುಂಬಿದ್ದೇನೆ. ಅದರಲ್ಲಿ ಒಂದು ಪಾವು ಅಮ್ಮನಿಗೆ.