ವೆಲ್ಡಿಂಗ್ ಮುಗಿದ ಮೇಲಿನ 48 ಗಂಟೆ

ನಾನು ಕುಂದಾಪುರದ ಕಡೆಯವನು. ಐಟಿಐ ಮುಗಿಸಿ, ಮಲ್ಪೆಯಲ್ಲಿ ಎರಡು ವರ್ಷ ಸ್ಟೀಲ್ ಬೋಟುಗಳಿಗೆ ವೆಲ್ಡಿಂಗ್ ಮಾಡಿ, ಆಮೇಲೆ ಸಿಂಗಾಪುರದ ಒಂದು ಯಾರ್ಡ್‌ಗೆ ಹೋದೆ. ಅಲ್ಲಿ ಜಾಕ್‌ಅಪ್ ರಿಗ್ ಕಟ್ಟುತ್ತಿದ್ದರು. ಸಮುದ್ರದಲ್ಲಿ ತೈಲದ ಬಾವಿ ಕೊರೆಯುವ ರಿಗ್ ಅದು. ತೇಲುತ್ತಾ ಹೋಗಿ, ಮೂರು ಕಾಲುಗಳನ್ನು ತಳಕ್ಕೆ ಊರಿ, ತನ್ನ ಮೈಯನ್ನೇ ನೀರಿನಿಂದ ಮೇಲಕ್ಕೆ ಎತ್ತಿಕೊಳ್ಳುತ್ತದೆ. 400 ಅಡಿ ಆಳದ ನೀರಿಗೆ ಮಾಡಿದ ರಿಗ್‌ನ ಒಂದೊಂದು ಕಾಲೂ 500 ಅಡಿ ದಾಟುತ್ತದೆ.

ನನ್ನನ್ನು ಹಾಕಿದ್ದು ಆ ಕಾಲುಗಳ ಕೆಲಸಕ್ಕೆ. ಕಾಲಿನ ಮೂಲೆಗಳಲ್ಲಿ ಗರಗಸದ ಹಾಗೆ ಹಲ್ಲಿರುವ ರ‍್ಯಾಕ್ ಇರುತ್ತದೆ. ಆ ಹಲ್ಲು ಹಿಡಿದೇ ಗೇರುಗಳು ಇಡೀ ರಿಗ್ಗನ್ನು ಮೇಲಕ್ಕೆ ಏರಿಸುವುದು. ದಪ್ಪ ಐದು ಇಂಚು. ಮಾಮೂಲಿ ಹಡಗಿನ ಸ್ಟೀಲಿನ ಬಲ 235 ಮೆಗಾಪ್ಯಾಸ್ಕಲ್, ಇದರದ್ದು 690.

ಬಲ ಜಾಸ್ತಿ ಆದಷ್ಟು ಸ್ಟೀಲು ಸೂಕ್ಷ್ಮ. ಮಲ್ಪೆಯಲ್ಲಿ ತೆಳ್ಳಗಿನ ಪ್ಲೇಟಿಗೆ ಸುಮ್ನೆ ಬ್ರಷ್ ಹೊಡೆದು ವೆಲ್ಡಿಂಗ್ ಶುರು ಮಾಡುತ್ತಿದ್ದೆ. ಇಲ್ಲಿ ಮೊದಲು ಹೀಟಿಂಗ್ ಪ್ಯಾಡ್ ಕಟ್ಟಿ ಕಬ್ಬಿಣವನ್ನು ನೂರು ಡಿಗ್ರಿಗಿಂತ ಮೇಲೆ ಬಿಸಿ ಮಾಡಬೇಕು. ಜಾಯಿಂಟಿನಿಂದ ಸ್ವಲ್ಪ ದೂರದಲ್ಲಿ ಬಳಪದಂಥ ಟೆಂಪರೇಚರ್ ಕಡ್ಡಿ ಎಳೆದರೆ, ಬೇಕಾದ ಬಿಸಿ ಬಂದಾಗ ಗೆರೆ ಕರಗುತ್ತದೆ. ಕರಗಿ ಜಾಯಿಂಟ್ ತುಂಬುವ ವೆಲ್ಡಿಂಗ್ ಕಡ್ಡಿಯನ್ನು, ಅಂದರೆ ಎಲೆಕ್ಟ್ರೋಡನ್ನು, ಓವನ್‌ನಲ್ಲಿ ಒಣಗಿಸಿ, ಬಿಸಿ ಡಬ್ಬಿಯಲ್ಲಿಟ್ಟು, ಒಂದೊಂದೇ ತೆಗೆಯಬೇಕು.

ಇಷ್ಟೆಲ್ಲ ಯಾಕೆ? ತೇವದಿಂದ ಬರುವ ಹೈಡ್ರೋಜನ್ ಕರಗಿದ ಲೋಹದೊಳಗೆ ಸೇರಿಕೊಳ್ಳುತ್ತದೆ. ಗಡುಸಾದ ಸ್ಟೀಲು ಬೇಗ ಆರಿದರೆ ಹೈಡ್ರೋಜನ್‌ಗೆ ಹೊರಬರಲು ದಾರಿ ಇಲ್ಲ. ಒಳಗೇ ಕೂತು, ಗಂಟೆಗಟ್ಟಲೆ ಕಳೆದ ಮೇಲೆ ಸೀಳುತ್ತದೆ. ಅದಕ್ಕೇ 48 ಗಂಟೆ ಕಾದು ಅಲ್ಟ್ರಾಸೋನಿಕ್ ಟೆಸ್ಟ್, ಅಂದರೆ ಶಬ್ದದ ಅಲೆ ಬಿಟ್ಟು ಒಳಗಿನ ಬಿರುಕು ಹುಡುಕುವ ಟೆಸ್ಟ್, ಮಾಡುತ್ತಿದ್ದರು. ಮುಗಿಸಿದ ದಿನವೇ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ವೆಲ್ಡಿಂಗ್ ಅಂದವಾಗಿ ಕಂಡರೆ ಸಾಕು ಎಂಬ ನನ್ನ ನಂಬಿಕೆ ಅಲ್ಲಿಗೆ ಹೋಯಿತು.

ಒಂದು ಸಂಜೆ ಜೋರು ಮಳೆ. ಶಿಫ್ಟ್ ಮುಗಿಯುವ ಅವಸರದಲ್ಲಿ ಪ್ಯಾಡ್ ಬೇಗ ಬಿಚ್ಚಿದೆ, ಮೇಲೆ ಬಿಸಿ ಹಿಡಿದಿಡುವ ಕಂಬಳಿ ಹೊದಿಸಲಿಲ್ಲ. ನೋಡಲು ನಾನು ಅವತ್ತಿನವರೆಗೆ ಮಾಡಿದ್ದರಲ್ಲೇ ಚೆಂದದ ಜಾಯಿಂಟ್. ಮೂರನೇ ದಿನ ಟೆಸ್ಟ್ ಮಾಡುವವರು ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿದರು. ಕ್ರ್ಯಾಕ್, ಒಂದು ಗೇಣು ಉದ್ದ.

ನಮ್ಮ ಫೋರ್‌ಮ್ಯಾನ್ ನಾಗಪಟ್ಟಿಣಂ ಕಡೆಯವರು, ಎಲ್ಲರಿಗೂ ಅಣ್ಣ. ಬೈಯಲಿಲ್ಲ. "ತಂಬಿ, ಇದರ ಮೇಲೆ ನೂರು ಜನ ಮಲಗುತ್ತಾರೆ" ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗೌಜಿಂಗ್ ಮಾಡಿ, ಕ್ರ್ಯಾಕ್ ಪೂರ್ತಿ ಹೋಗುವವರೆಗೆ ಕೆತ್ತಿ ತೆಗೆದೆವು. ತಿರುಗಿ ಬಿಸಿ ಮಾಡಿ, ಪದರ ಪದರವಾಗಿ ತುಂಬಿದೆ. ಮುಗಿದ ಮೇಲೂ ಪ್ಯಾಡ್ ಬಿಚ್ಚಲಿಲ್ಲ. ಕಂಬಳಿ ಹೊದಿಸಿ, ನಿಧಾನಕ್ಕೆ ಆರಲಿ ಎಂದು ರಾತ್ರಿಯಿಡೀ ಪಕ್ಕದಲ್ಲೇ ಕೂತೆ. ಆಗಾಗ ಕಡ್ಡಿ ಎಳೆದು ನೋಡುತ್ತಿದ್ದೆ. ಯಾರೂ ಕೂರಲು ಹೇಳಿರಲಿಲ್ಲ.

48 ಗಂಟೆ ಕಳೆದು ಮತ್ತೆ ಟೆಸ್ಟ್ ಆಯಿತು. ಪರದೆಯ ಮೇಲೆ ಕ್ರ್ಯಾಕಿನ ಸುಳಿವೇ ಇಲ್ಲ. ಅಣ್ಣ ಜಾಯಿಂಟಿನ ಪಕ್ಕ ತಾರೀಖು ಬರೆದರು. ನಾನು ಮುಂದಿನದಕ್ಕೆ ಪ್ಯಾಡ್ ಕಟ್ಟಲು ಹೋದೆ.