ಫಿಕ್ಸೆಡ್ ಫೀ ಬಿಟ್ಟು ಪಿಎಂಎಸ್ ನಡೆಸಿದ್ದು: ನನ್ನ ಅನುಭವ

ನಾನು ನಡೆಸುವುದು ಪಿಎಂಎಸ್, ಅಂದರೆ ಒಬ್ಬೊಬ್ಬ ಕ್ಲೈಂಟಿನ ದುಡ್ಡನ್ನು ಬೇರೆ ಬೇರೆಯಾಗಿ ಷೇರಿನಲ್ಲಿ ಹಾಕಿ ನೋಡಿಕೊಳ್ಳುವ ಸೇವೆ. 2017ರಲ್ಲಿ ಅದರ ಫಿಕ್ಸೆಡ್ ಫೀ (ಲಾಭ ಬರಲಿ ಬಿಡಲಿ ಪ್ರತಿ ವರ್ಷ ತೆಗೆದುಕೊಳ್ಳುವ ಫೀ) ತೆಗೆದುಹಾಕುತ್ತೇನೆ ಅಂದಾಗ ನಮ್ಮ ಲೈನಿನ ಗೆಳೆಯರೆಲ್ಲ ನಕ್ಕರು. "ಬಾಡಿಗೆ ಯಾರಪ್ಪ ಕಟ್ತಾರೆ?" ಅಂದರು ಒಬ್ಬರು. "ಒಂದು ಕೆಟ್ಟ ವರ್ಷ ಬರಲಿ, ಲೈಸೆನ್ಸ್ ವಾಪಸ್ ಕೊಟ್ಟು ಮನೆಗೆ ಹೋಗ್ತೀಯ" ಅಂದರು ಇನ್ನೊಬ್ಬರು. ಕೆಟ್ಟ ವರ್ಷ ಒಂದಲ್ಲ, ಎರಡಕ್ಕೂ ಜಾಸ್ತಿ ಬಂತು. ಆಫೀಸು ಗಾಂಧಿ ಬಜಾರಿನಲ್ಲೇ ಇದೆ. ನಕ್ಕವರಲ್ಲಿ ಇಬ್ಬರು ಈಗ ಅದೇ ಫೀ ಪ್ಲಾನನ್ನು ತಮ್ಮ ಬ್ರೋಷರಿನಲ್ಲಿ ಹಾಕಿಕೊಂಡಿದ್ದಾರೆ.

ನನ್ನ ಹಿಂದಿನ ಕತೆ ಚಿಕ್ಕದು. ಜೆ.ಸಿ. ರೋಡಿನ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಒಬ್ಬ ಬ್ರೋಕರ್ ಹತ್ತಿರ ಷೇರು ಸರ್ಟಿಫಿಕೇಟು, ಟ್ರಾನ್ಸ್‌ಫರ್ ಫಾರಂ ಜೋಡಿಸುವ ಕೆಲಸ. 1963ರಲ್ಲಿ ಶುರುವಾದ ಆ ಎಕ್ಸ್‌ಚೇಂಜ್ 2014ರಲ್ಲಿ ಬಾಗಿಲು ಹಾಕಿತು. ಅಷ್ಟರೊಳಗೆ ನಾನು ಮುಂಬೈಗೆ ಹೋಗಿ, ಫಂಡ್ ಹೌಸ್ ನೋಡಿ, ವಾಪಸ್ ಬಂದಾಗಿತ್ತು.

ಪ್ಲಾನ್ ಇಷ್ಟೇ. ಫಿಕ್ಸೆಡ್ ಸೊನ್ನೆ. ಕ್ಲೈಂಟಿನ ಲಾಭ 8 ಪರ್ಸೆಂಟ್ ಹರ್ಡಲ್ (ಫೀ ಶುರುವಾಗುವ ಗಡಿ) ದಾಟಿದ ಮೇಲೆ, ಅದರ ಮೇಲಿನ ಲಾಭದಲ್ಲಿ 20 ಪರ್ಸೆಂಟ್ ನಮ್ಮದು. ಹರ್ಡಲ್ ವರ್ಷದಿಂದ ವರ್ಷಕ್ಕೆ ಚಕ್ರಬಡ್ಡಿ ಹಾಗೆ ಏರಬೇಕು. ಇದನ್ನು ಜಾಸ್ತಿ ಜನ ಮಾಡುವುದಿಲ್ಲ, ಪ್ರತಿ ವರ್ಷ ಹೊಸದಾಗಿ ಎಣಿಸುತ್ತಾರೆ. ಹೈ ವಾಟರ್ ಮಾರ್ಕ್, ಅಂದರೆ ಹಿಂದಿನ ನಷ್ಟ ತುಂಬಿ ಹಳೆಯ ಗರಿಷ್ಠ ಮಟ್ಟ ದಾಟುವ ತನಕ ಫೀ ಇಲ್ಲ ಅನ್ನುವುದು, ಅಂತೂ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮವೇ.

ಮೊದಲ ಏಟು ಕ್ಲೈಂಟ್ ತಂದುಕೊಡುವ ಡಿಸ್ಟ್ರಿಬ್ಯೂಟರ್‌ಗಳಿಂದ. ಫಿಕ್ಸೆಡ್ ಇಲ್ಲದಿದ್ದರೆ ಅವರಿಗೆ ಟ್ರೇಲ್ (ಕ್ಲೈಂಟ್ ಇರುವಷ್ಟು ಕಾಲ ಕೊಡುವ ಕಮಿಷನ್) ಎಲ್ಲಿಂದ ಕೊಡುವುದು? ಕಾಫಿ ಕುಡಿದರು, ಒಬ್ಬ ಕ್ಲೈಂಟನ್ನೂ ತರಲಿಲ್ಲ. ಕೊನೆಗೆ ಬಂದವರು ರಿಟೈರ್ ಆದ ಎಂಜಿನಿಯರ್‌ಗಳು, ಡಾಕ್ಟರ್‌ಗಳು, ಪೀಣ್ಯದ ಕೆಲವು ಕಾರ್ಖಾನೆ ಓನರ್‌ಗಳು. ಎಲ್ಲ ಬಾಯಿಮಾತಿನಿಂದ. 2018ರ ಶುರುವಿಗೆ ಎಯುಎಂ (ನಾವು ನೋಡಿಕೊಳ್ಳುವ ಒಟ್ಟು ದುಡ್ಡು) ಹತ್ತಿರ ಹತ್ತಿರ 40 ಕೋಟಿ.

ಆಮೇಲೆ ಸ್ಮಾಲ್ ಕ್ಯಾಪ್, ಅಂದರೆ ಚಿಕ್ಕ ಕಂಪನಿಗಳ ಷೇರು, ಬಿತ್ತು. ಬಜೆಟ್‌ನಲ್ಲಿ ಲಾಂಗ್ ಟರ್ಮ್ ಗೇನ್ಸ್ ಟ್ಯಾಕ್ಸ್ (ಷೇರನ್ನು ವರ್ಷ ದಾಟಿ ಇಟ್ಟು ಮಾರಿದ ಲಾಭದ ಮೇಲಿನ ತೆರಿಗೆ) ವಾಪಸ್ ಬಂತು. ಸೆಪ್ಟೆಂಬರ್‌ನಲ್ಲಿ ದೊಡ್ಡ ಫೈನಾನ್ಸ್ ಕಂಪನಿ ಐಎಲ್ಅಂಡ್‌ಎಫ್‌ಎಸ್ ಸಾಲ ಕಟ್ಟಲಾಗದೆ ಗಲಾಟೆ. ಫೀ ಒಂದು ಪೈಸೆ ಇಲ್ಲ. ಬಾಡಿಗೆ, ಸಂಬಳ, ಆಡಿಟ್, ಸಾಫ್ಟ್‌ವೇರ್ ಸೇರಿ ತಿಂಗಳಿಗೆ ನಾಲ್ಕು ಲಕ್ಷದ ಆಸುಪಾಸು ಕೈಯಿಂದ ಹೋಗುತ್ತಿತ್ತು. ಯಾರೂ ಮೊದಲೇ ಹೇಳದ ಸಂಕಟ ಇನ್ನೊಂದಿದೆ. ನಮ್ಮ ಕಂಪನಿಯ ನಷ್ಟ ಅದರ ನೆಟ್‌ವರ್ತನ್ನೇ, ಅಂದರೆ ಸಾಲ ಕಳೆದು ಉಳಿಯುವ ಸ್ವಂತ ಬಂಡವಾಳವನ್ನೇ, ತಿನ್ನುತ್ತದೆ. ಆಗ ಸೆಬಿ ಕೇಳುತ್ತಿದ್ದದ್ದು 2 ಕೋಟಿ. ಅದರ ಕೆಳಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮತ್ತೆ ಮತ್ತೆ ದುಡ್ಡು ತುಂಬಬೇಕು. ಕೆಂಗೇರಿ ಉಪನಗರದ ಸೈಟು ಸುಮಾರು 80 ಲಕ್ಷಕ್ಕೆ ಹೋಯಿತು. "ಸೈಟು ಸುಮ್ನೆ ಬಿದ್ದಿದ್ರೂ ಬೆಳೆಯುತ್ತೆ ರೀ, ನಿಮ್ಮ ಷೇರು ಕಾವಲು ಕೂತ್ರೂ ಕರಗುತ್ತೆ" ಅಂದಳು ನನ್ನ ಹೆಂಡತಿ. ಉತ್ತರ ಇರಲಿಲ್ಲ. 2020ರಲ್ಲಿ ಸೆಬಿ ಅದೇ ಮಿತಿಯನ್ನು 5 ಕೋಟಿಗೆ ಏರಿಸಿತು. ಹಳಬರಿಗೆ ಮೂರು ವರ್ಷ ಟೈಮ್ ಕೊಟ್ಟಿದ್ದಕ್ಕೆ ಬದುಕಿಕೊಂಡೆ.

ಷೇರು ಆರಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅರ್ಧ ಹೇಳುತ್ತೇನೆ. 2017ರ ಜೂನ್‌ನಲ್ಲಿ ಹಸಿರು ಮೆಟ್ರೊದ ಮೊದಲ ಹಂತ ಪೂರ್ತಿ ಆದ ಮೇಲೆ ಸೌತ್ ಎಂಡ್ ಸರ್ಕಲ್‌ನಲ್ಲಿ ಹತ್ತಿದರೆ ಸೀದಾ ಪೀಣ್ಯ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಅಲ್ಲಿನ ಜಾಬ್ ವರ್ಕ್ ಶಾಪ್‌ಗಳಲ್ಲಿ ನಾನು ಕೇಳುವುದು ಒಂದೇ: ಪೇಮೆಂಟ್ ಎಷ್ಟು ದಿನಕ್ಕೆ ಬರ್ತಿದೆ? ಲಿಸ್ಟೆಡ್ ಕಂಪನಿಯ ಬ್ಯಾಲೆನ್ಸ್ ಶೀಟ್ ಆರು ತಿಂಗಳಿಗೊಮ್ಮೆ ಬರುತ್ತದೆ. ಆ ಕಂಪನಿಯ ಕೈ ಬಿಗಿಯಾಗಿದೆಯಾ ಅನ್ನುವುದು ಲೇತ್ ಇಟ್ಟುಕೊಂಡವನಿಗೆ ಪ್ರತಿ ತಿಂಗಳೂ ಗೊತ್ತಾಗುತ್ತದೆ. ಒಂದು ಆಟೊ ಬಿಡಿಭಾಗದ ಕಂಪನಿ ಪ್ರತಿ ಕ್ವಾರ್ಟರ್ ಲಾಭ ತೋರಿಸುತ್ತಿತ್ತು. ಪೀಣ್ಯದಲ್ಲಿ ಪೇಮೆಂಟ್ 60 ದಿನದಿಂದ 110ಕ್ಕೆ ಹೋಗಿತ್ತು. ಮಾರಿದೆ. ಮುಂದಿನ ವರ್ಷ ಷೇರು ಅರ್ಧಕ್ಕೆ ಬಂತು. ಇನ್ನೊಂದು ಕಂಪನಿಯ ರಿಸಲ್ಟ್ ಸಾಲಾಗಿ ಕೆಟ್ಟದಾಗಿದ್ದರೂ ಸಪ್ಲೈಯರ್‌ಗೆ ತಿಂಗಳೊಳಗೆ ದುಡ್ಡು ಬರುತ್ತಿತ್ತು. ಅದನ್ನು 2019 ಇಡೀ ಕೊಂಡೆ. ನನ್ನ ಫಂಡನ್ನು ಎತ್ತಿದ್ದೇ ಅದು.

ನೀವೂ ಶಾಪ್‌ಗಳಿಗೆ ಹೋಗುವುದಾದರೆ ಅಲ್ಲಿ ಆರ್ಡರ್ ಬಗ್ಗೆ, ರೇಟ್ ಬಗ್ಗೆ ಕೇಳಬೇಡಿ. ಕಂಪನಿಯ ನೌಕರರ ಹತ್ತಿರ ಮಾತೇ ಆಡಬೇಡಿ. ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಗುಟ್ಟು ತಿಳಿದು ಷೇರು ವ್ಯವಹಾರ) ನಿಯಮ ತಮಾಷೆಯಲ್ಲ. ಯಾರನ್ನು ನೋಡಿದೆ, ಏನು ಕೇಳಿದೆ ಅಂತ ಎಲ್ಲ ಫೈಲಿನಲ್ಲಿ ಬರೆದಿಡುತ್ತೇನೆ. ಯಾವ ಶಾಪಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಬೇರೆ ಆಟಗಳನ್ನೂ ಆಡಿದೆ. ಜಿಗಣಿಯಲ್ಲಿ ಒಂದು ಕಾರ್ಖಾನೆ ಗೇಟಿನ ಎದುರು ಟೀ ಅಂಗಡಿಯಲ್ಲಿ ಹುಡುಗನನ್ನು ಕೂರಿಸಿ ಲಾರಿ ಎಣಿಸಿದೆ. ಮಳೆಗಾಲದಲ್ಲಿ ಲಾರಿ ಅರ್ಧಕ್ಕೆ ಇಳಿದವು. ನೋಡಿದರೆ ರಸ್ತೆ ಕೆಟ್ಟು ಹಿಂದಿನ ಗೇಟಿನಿಂದ ಓಡಾಡುತ್ತಿದ್ದವು! ಸ್ವಂತ ದುಡ್ಡಿನಲ್ಲಿ ನಿಫ್ಟಿ ಪುಟ್ (ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ ಬಿದ್ದರೆ ದುಡ್ಡು ಕೊಡುವ ಒಂದು ಥರ ವಿಮೆ) ಕೂಡ ಕೊಂಡು ನೋಡಿದೆ. 2018, 2019 ಎರಡೂ ವರ್ಷ ನಿಫ್ಟಿ ಮೇಲೆ, ಸ್ಮಾಲ್ ಕ್ಯಾಪ್ ಕೆಳಗೆ. ಪ್ರೀಮಿಯಂ ಅಷ್ಟೂ ನೀರು ಪಾಲು. ಬೇಸತ್ತು 2020ರ ಜನವರಿಯಲ್ಲಿ ನಿಲ್ಲಿಸಿದೆ. ಮಾರ್ಚ್‌ನಲ್ಲಿ ಏನಾಯಿತು ಅಂತ ನಿಮಗೇ ಗೊತ್ತಲ್ವಾ.

ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಸುಮಾರು 13 ಪರ್ಸೆಂಟ್ ಬಿದ್ದಾಗ ನಮ್ಮ ಎಯುಎಂ 22 ಕೋಟಿಯ ಹತ್ತಿರ ಬಂದಿತ್ತು. ಅದರಲ್ಲಿ ಬೆಲೆ ಕುಸಿದದ್ದೇ ಜಾಸ್ತಿ. ದುಡ್ಡು ತೆಗೆದವರು ನಾನು ಹೆದರಿದ್ದಕ್ಕಿಂತ ಕಮ್ಮಿ. "ನೀವೂ ನಮ್ಮ ಜೊತೆ ಒಂದು ರೂಪಾಯಿ ನೋಡಿಲ್ಲವಲ್ಲ ಸಾರ್, ಇರಲಿ ಬಿಡಿ" ಅಂದರು ಒಬ್ಬ ಡಾಕ್ಟರ್. ಫಿಕ್ಸೆಡ್ ತೆಗೆದುಕೊಳ್ಳುತ್ತಿದ್ದರೆ ಆ ಮಾತು ಬರುತ್ತಿರಲಿಲ್ಲ.

ಒಂದು ವರ್ಷದಲ್ಲಿ ಸ್ಮಾಲ್ ಕ್ಯಾಪ್ ಇಂಡೆಕ್ಸೇ ದುಪ್ಪಟ್ಟು ದಾಟಿತು. ನಾವು ಅದಕ್ಕಿಂತ ಸ್ವಲ್ಪ ಮೇಲೆ. ಮಾರುಕಟ್ಟೆ ಎತ್ತಿತು, ಇವನದೇನಿದೆ ಅಂತ ಮಾತು ಬಂತು. ಸರಿ, ಆದರೆ ಎತ್ತುವ ಹೊತ್ತಿಗೆ ಕ್ಲೈಂಟ್ ಉಳಿದಿರಬೇಕಲ್ಲ! 2021 ಮತ್ತು 2022ರ ಮಾರ್ಚ್‌ಗೆ ಬಂದ ಫೀ ಜಿಎಸ್‌ಟಿ ಬಿಟ್ಟು ಹೆಚ್ಚುಕಮ್ಮಿ 4 ಕೋಟಿ. ಇಷ್ಟೂ ವರ್ಷ 2 ಪರ್ಸೆಂಟ್ ಫಿಕ್ಸೆಡ್ ಹಾಕಿದ್ದರೆ ಇದಕ್ಕಿಂತ ಕಮ್ಮಿ ಬರುತ್ತಿತ್ತೇನೋ.

ಯಾರಾದರೂ ಇದನ್ನು ಮಾಡುವುದಾದರೆ ಮೂರು ವರ್ಷದ ಖರ್ಚನ್ನು ನೆಟ್‌ವರ್ತಿನ ಹೊರಗೆ ಬೇರೆ ಎತ್ತಿಟ್ಟು ಶುರುಮಾಡಿ. ನಾನೀಗ ಹೊಸೂರಿನ ಕಡೆ ಸಪ್ಲೈಯರ್‌ಗಳನ್ನು ನೋಡುತ್ತಿದ್ದೇನೆ. ಅಲ್ಲಿ ಪೇಮೆಂಟಿನ ಲೆಕ್ಕ ಪೀಣ್ಯದ ಹಾಗೆ ಕೆಲಸ ಮಾಡುತ್ತಿಲ್ಲ. ಗಾಡಿ ಕಂಪನಿಗಳ ಬಿಲ್ಲಿಂಗೇ ಬೇರೆ ತರಹ. ಈ ದೀಪಾವಳಿಯೊಳಗೆ ಒಂದು ದಾರಿ ಸಿಗಬಹುದು.